ಅಂಗೈ ಮೇಲಿನ ಲೆ ಮಾನ್ ಕಾರು: 1/43 ಅಳತೆಯ ರೆಸಿನ್ ಕಿಟ್ ಜೋಡಿಸುವ ಸಮಗ್ರ ಮಾರ್ಗದರ್ಶಿ

1970ರ ಜೂನ್ 14ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಗಳ ರೇಸ್ ಮುಗಿದಾಗ ಎಲ್ಲರಿಗಿಂತ ಮುಂದಿದ್ದದ್ದು ಕೆಂಪು ಬಿಳಿ ಬಣ್ಣದ, 23ನೇ ಸಂಖ್ಯೆಯ ಪೋರ್ಷೆ 917ಕೆ. ಜರ್ಮನಿಯ ಹಾನ್ಸ್ ಹೆರ್ಮನ್ ಮತ್ತು ಇಂಗ್ಲೆಂಡಿನ ರಿಚರ್ಡ್ ಆಟ್‌ವುಡ್ ಸುರಿಯುವ ಮಳೆಯಲ್ಲಿ ಸರದಿಯ ಮೇಲೆ ಓಡಿಸಿ ಗೆಲ್ಲಿಸಿದ ಕಾರು ಅದು. ಲೆ ಮಾನ್‌ನಲ್ಲಿ ಪೋರ್ಷೆಗೆ ಸಮಗ್ರ ಗೆಲುವು ತಂದುಕೊಟ್ಟ ಮೊದಲ ಕಾರೂ ಅದೇ. ಅದನ್ನು 43 ಪಟ್ಟು ಕುಗ್ಗಿಸಿದರೆ ಅಂಗೈಯ ಮೇಲೆ ಕೂರುತ್ತದೆ. ಈ ಬರಹದಲ್ಲಿ ಆ ಕಾರಿನ ರೆಸಿನ್ (ಅಚ್ಚಿಗೆ ಸುರಿದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಕಿಟ್ಟನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಪೆಟ್ಟಿಗೆ ತೆರೆಯುವಲ್ಲಿಂದ ಪೀಠದ ಮೇಲೆ ಕೂರಿಸುವವರೆಗಿನ ಕೆಲಸವನ್ನು ವಿವರಿಸುತ್ತೇನೆ. ಬೇರೆ ಕಾರಿನ ಕಿಟ್ ನಿಮ್ಮ ಕೈಯಲ್ಲಿದ್ದರೂ ಕ್ರಮ ಬದಲಾಗುವುದಿಲ್ಲ.

1/43 ಎಂಬ ವಿಚಿತ್ರ ಅಳತೆ ಎಲ್ಲಿಂದ ಬಂತು ಎಂದು ಹೊಸಬರು ಕೇಳುತ್ತಾರೆ. ಅದು ಆಟಿಕೆ ರೈಲುಗಳಿಂದ ಬಂದದ್ದು. ಬ್ರಿಟನ್ನಿನ 'ಓ' ಗೇಜ್ ರೈಲು ಮಾದರಿಗಳಲ್ಲಿ ಒಂದು ಅಡಿಗೆ ಏಳು ಮಿಲಿಮೀಟರ್ ಲೆಕ್ಕ. ಅಂದರೆ ಸುಮಾರು 1:43.5. ಆ ರೈಲು ನಿಲ್ದಾಣಗಳ ಪಕ್ಕದಲ್ಲಿ ನಿಲ್ಲಿಸಲೆಂದು ಮಾಡಿದ ಕಾರುಗಳು ಮುಂದೆ ತಮ್ಮದೇ ಲೋಕ ಕಟ್ಟಿಕೊಂಡವು. ಫ್ರಾನ್ಸಿನ ಸ್ಟಾರ್ಟರ್, ಪ್ರೊವಾನ್ಸ್ ಮೂಲಾಜ್‌ನಂತಹ ಸಣ್ಣ ತಯಾರಕರು ಲೆ ಮಾನ್‌ನಲ್ಲಿ ಓಡಿದ ಎಷ್ಟೋ ಕಾರುಗಳನ್ನು ಈ ಅಳತೆಯ ರೆಸಿನ್‌ನಲ್ಲಿ ಎರಕ ಹೊಯ್ದರು.

ಕಿಟ್ಟಿನಲ್ಲಿ ಏನಿರುತ್ತದೆ

ಒಂದೇ ತುಂಡಿನ ರೆಸಿನ್ ಬಾಡಿ, ತಳದ ಹಲಗೆ, ಬಿಳಿ ಲೋಹದಲ್ಲಿ (ಸುಲಭವಾಗಿ ಕರಗುವ ತವರದ ಮಿಶ್ರಲೋಹ) ಎರಕ ಹೊಯ್ದ ಆಸನ, ಕನ್ನಡಿ, ಸೈಲೆನ್ಸರ್ ಕೊಳವೆಗಳು, ಕಾಗದದಷ್ಟು ತೆಳ್ಳಗಿನ ಲೋಹದ ಹಾಳೆಯಲ್ಲಿ ಕೊರೆದ ವೈಪರ್ ಮತ್ತು ಸೀಟ್ ಬೆಲ್ಟ್ ಬಕಲ್‌ಗಳು, ಅಲ್ಯೂಮಿನಿಯಂ ರಿಮ್, ರಬ್ಬರ್ ಟಯರ್, ಪಾರದರ್ಶಕ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಮಾಡಿದ ಮುಂಗಾಜು, ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಾಳೆ, ಒಂದು ಪುಟದ ಚಿತ್ರ. ಸೂಚನೆ ಎಂದರೆ ಆ ಚಿತ್ರವಷ್ಟೇ.

ಪ್ಲಾಸ್ಟಿಕ್ ಕಿಟ್ ಮಾಡಿ ಅಭ್ಯಾಸವಿರುವವರು ಇಲ್ಲಿ ಒಂದು ವಿಷಯವನ್ನು ಮೊದಲೇ ಒಪ್ಪಿಕೊಳ್ಳಬೇಕು. ಪ್ಲಾಸ್ಟಿಕ್ ಭಾಗಗಳನ್ನು ಉಕ್ಕಿನ ಅಚ್ಚಿನಲ್ಲಿ ಯಂತ್ರ ಒತ್ತುತ್ತದೆ. ರೆಸಿನ್ ಭಾಗಗಳನ್ನು ಮನುಷ್ಯರು ಸಿಲಿಕೋನ್ ರಬ್ಬರಿನ ಅಚ್ಚಿಗೆ ಸುರಿಯುತ್ತಾರೆ. ರಬ್ಬರ್ ಅಚ್ಚು ಬಳಸುತ್ತಾ ಹೋದಂತೆ ಸವೆಯುತ್ತದೆ, ಒಳಗೆ ಗಾಳಿಗುಳ್ಳೆ ಉಳಿಯುತ್ತದೆ, ಬಾಡಿ ಸ್ವಲ್ಪ ಸೊಟ್ಟಗಾಗುತ್ತದೆ. ಭಾಗಗಳು ಒಂದಕ್ಕೊಂದು ಟಕ್ಕನೆ ಕೂರುವುದಿಲ್ಲ. ಕೂರುವಂತೆ ಮಾಡುವುದೇ ಈ ಕೆಲಸ. ನನ್ನ ಅನುಭವದಲ್ಲಿ ಒಟ್ಟು ಶ್ರಮದ ಮುಕ್ಕಾಲು ಪಾಲು ಬಣ್ಣದ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು. ಬಣ್ಣವಾದ ಮೇಲೆ ಅರ ಹಿಡಿಯಬೇಕಾಗಿ ಬಂತೆಂದರೆ ಮೊದಲ ಹಂತದಲ್ಲೇ ಎಲ್ಲೋ ತಪ್ಪಿದ್ದೇವೆ ಎಂದರ್ಥ.

ಬೇಕಾದ ಉಪಕರಣಗಳು ಹೆಚ್ಚೇನಿಲ್ಲ: ಹೊಸ ಬ್ಲೇಡಿನ ಹವ್ಯಾಸಿ ಚಾಕು, ಸಣ್ಣ ಅರಗಳು, 400ರಿಂದ 3000ದವರೆಗಿನ ವಾಟರ್ ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು), ಚೂಪು ತುದಿಯ ಚಿಮಟ, ಬೆರಳಲ್ಲಿ ತಿರುಗಿಸುವ ಪುಟ್ಟ ಡ್ರಿಲ್, 0.4ರಿಂದ 1 ಮಿಲಿಮೀಟರ್‌ವರೆಗಿನ ಬಿಟ್‌ಗಳು, ವರ್ನಿಯರ್ ಕ್ಯಾಲಿಪರ್, ಫೆವಿಕ್ವಿಕ್, ಅರಾಲ್ಡೈಟ್. ರೆಸಿನ್‌ಗೆ ಪ್ಲಾಸ್ಟಿಕ್ ಅಂಟು ಹಿಡಿಯುವುದಿಲ್ಲ. ಅದನ್ನು ಕೊಳ್ಳಬೇಡಿ.

ಮೊದಲು ಫೋಟೊ, ಆಮೇಲೆ ಚಾಕು

ರೇಸ್ ಕಾರು ಒಂದೇ ರೂಪದಲ್ಲಿ ಇರುವುದಿಲ್ಲ. ಒಂದೇ ಕಾರು ಒಂದು ರೇಸಿನಿಂದ ಇನ್ನೊಂದಕ್ಕೆ, ಕೆಲವೊಮ್ಮೆ ಅಭ್ಯಾಸದ ದಿನದಿಂದ ರೇಸಿನ ದಿನಕ್ಕೆ, ಕನ್ನಡಿಯ ಜಾಗ, ದೀಪಗಳ ಸಂಖ್ಯೆ, ಸ್ಟಿಕ್ಕರುಗಳನ್ನು ಬದಲಿಸಿರುತ್ತದೆ. ನೀವು ಮಾಡುತ್ತಿರುವುದು ಯಾವ ದಿನದ ಕಾರು ಎಂದು ತೀರ್ಮಾನಿಸಿ, ಆ ದಿನದ ಫೋಟೊಗಳನ್ನೇ ಹುಡುಕಿ. ಇಂದು ಸಂಗ್ರಹಾಲಯಗಳಲ್ಲಿರುವ ಕಾರುಗಳನ್ನು ಎಷ್ಟೋ ಸಲ ಹೊಸದಾಗಿ ಬಣ್ಣ ಬಳಿದು ನಿಲ್ಲಿಸಿರುತ್ತಾರೆ. ಆಕಾರ ತಿಳಿಯಲು ಅವು ಸರಿ, ಸ್ಟಿಕ್ಕರು ತಿಳಿಯಲು ಅಲ್ಲ.

917ರ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುವುದು ಹಿಂಭಾಗವನ್ನು. 1969ರಲ್ಲಿ ಈ ಕಾರು ವೇಗದಲ್ಲಿ ನೆಲ ಹಿಡಿಯದೆ ಓಡಿಸುವವರನ್ನು ಹೆದರಿಸುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ, ಪೋರ್ಷೆ ಪರವಾಗಿ ರೇಸಿಗಿಳಿಯಲಿದ್ದ ಜಾನ್ ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದು ಸಂಗತಿ ಗಮನಿಸಿದರು. ಕಾರಿನ ಮುಂಭಾಗದಲ್ಲೆಲ್ಲ ಸಣ್ಣ ಹುಳುಗಳು ಅಪ್ಪಳಿಸಿ ಅಂಟಿದ್ದವು, ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಬೇಕಾದ ಹಿಂಬದಿಯ ಸ್ಪಾಯ್ಲರ್ ಮಾತ್ರ ಸ್ವಚ್ಛವಾಗಿತ್ತು. ಗಾಳಿ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ ಬಾಲವನ್ನು ಗಿಡ್ಡ ಮಾಡಿ ಮೇಲಕ್ಕೆತ್ತಿದರು. 917ಕೆ ಎಂಬ ಹೆಸರಿನ 'ಕೆ' ಆ ಗಿಡ್ಡ ಬಾಲಕ್ಕೆ ಜರ್ಮನ್ ಭಾಷೆಯಲ್ಲಿರುವ ಪದದ ಮೊದಲಕ್ಷರ. ಹೀಗಾಗಿ ನಿಮ್ಮ ರೆಸಿನ್ ಬಾಡಿಯಲ್ಲಿ ಆ ಮೇಲ್ಮುಖ ಇಳಿಜಾರಿನ ಅಂಚು ಚೂಪಾಗಿಯೇ ಉಳಿಯಬೇಕು. ಕಾಗದ ಹಾಕಿ ಉಜ್ಜುವಾಗ ಮೊದಲು ಮೊಂಡಾಗುವುದು ಆ ಅಂಚೇ. ನಾನು ಅದರ ಮೇಲೆ ಟೇಪ್ ಅಂಟಿಸಿಕೊಂಡೇ ಉಳಿದ ಭಾಗ ಉಜ್ಜುತ್ತೇನೆ.

ತೊಳೆಯುವುದು

ಅಚ್ಚಿನಿಂದ ಬಾಡಿ ಸಲೀಸಾಗಿ ಬಿಡಿಸಿಕೊಳ್ಳಲೆಂದು ತಯಾರಕರು ಜಾರುವ ದ್ರವವನ್ನು ಸವರಿರುತ್ತಾರೆ. ಅದರ ಪದರ ಬಾಡಿಯ ಮೇಲೆ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನನ್ನ ಎರಡನೇ ಕಿಟ್ಟಿನಲ್ಲಿ ಅವಸರಪಟ್ಟು ಒಂದೇ ಸಲ ನೀರಿನಲ್ಲಿ ಅದ್ದಿ ಬಣ್ಣ ಹೊಡೆದುಬಿಟ್ಟೆ. ಎರಡು ವಾರ ಕಳೆದು, ಪಟ್ಟೆಗೆಂದು ಹಾಕಿದ್ದ ಟೇಪ್ ಎಳೆದಾಗ ಬಾನೆಟ್ಟಿನ ಬಣ್ಣ ಹಾಲಿನ ಕೆನೆಯಂತೆ ಟೇಪಿನ ಜೊತೆಗೇ ಎದ್ದು ಬಂತು. ಕೆಳಗೆ ರೆಸಿನ್ ಫಳಫಳ ಹೊಳೆಯುತ್ತಿತ್ತು. ಎಲ್ಲವನ್ನೂ ಕೆರೆದು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಹಾಗಾಗದಂತೆ, ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಳಗೂ ಹೊರಗೂ ಉಜ್ಜಿ ತೊಳೆಯಿರಿ. ಇದನ್ನು ಎರಡು ಸಲ ಮಾಡಿ. ನೀರು ಬಾಡಿಯ ಮೇಲೆ ಹನಿಹನಿಯಾಗಿ ನಿಲ್ಲದೆ ಸಮನಾಗಿ ಹರಡಿದರೆ ಜಿಡ್ಡು ಹೋಗಿದೆ ಎಂದು ತಿಳಿಯಬಹುದು.

ಸೊಟ್ಟ, ಗುಳ್ಳೆ, ಗೆರೆ

ಗಾಜಿನ ತುಂಡೊಂದರ ಮೇಲೆ ತಳದ ಹಲಗೆಯನ್ನಿಟ್ಟು ನೋಡಿ. ಒಂದು ಮೂಲೆ ಎದ್ದಿದ್ದರೆ ಬಿಸಿ ನೀರಿನಲ್ಲಿ ಅರ್ಧ ನಿಮಿಷ ಇಡಿ. ರೆಸಿನ್ ಮೆತ್ತಗಾಗುತ್ತದೆ. ಗಾಜಿಗೆ ಒತ್ತಿ ಹಿಡಿದು ತಣ್ಣೀರಿಗೆ ಹಾಕಿದರೆ ಆ ಆಕಾರದಲ್ಲೇ ಗಟ್ಟಿಯಾಗುತ್ತದೆ. ನೀರು ಕುದಿಯುತ್ತಿರಬಾರದು. ತೆಳ್ಳಗಿನ ಭಾಗಗಳು ಕುದಿನೀರಿನಲ್ಲಿ ನುಲಿದುಕೊಳ್ಳುತ್ತವೆ.

ಎರಕದ ಬಾಯಿಯಲ್ಲಿ ಉಳಿದ ದಪ್ಪ ರೆಸಿನ್ನನ್ನು ಗರಗಸದಿಂದ ಕತ್ತರಿಸಿ, ಕಿಟಕಿಗಳಿಗೆ ಅಡ್ಡವಾಗಿರುವ ತೆಳು ಪೊರೆಯನ್ನು ಚಾಕುವಿನಿಂದ ಬಿಡಿಸಿ. ಆಮೇಲೆ ಉಜ್ಜುವ ಕೆಲಸ. ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗಾಗಿ ಯಾವಾಗಲೂ ಕಾಗದವನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ, ಒಣಗಿರುವಾಗ ಅರ ಹಾಕುವುದಿದ್ದರೆ ಮಾಸ್ಕ್ ಧರಿಸಿ. ಮಕ್ಕಳು ಆಡುವ ಕೋಣೆಯಲ್ಲಿ ಈ ಕೆಲಸ ಬೇಡ.

ಗಾಳಿಗುಳ್ಳೆಗಳ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿ: ಸೂಜಿಮೊನೆಯಷ್ಟು ರಂಧ್ರ ಕಂಡರೆ ಅದರ ಮೇಲೆ ಪುಟ್ಟಿ ಸವರಿ ಮುಗಿಸುತ್ತಾರೆ. ಕೆಳಗಿನ ಗುಳ್ಳೆ ದೊಡ್ಡದಿರುತ್ತದೆ. ಪುಟ್ಟಿ ಬಾಯಿಯನ್ನು ಮಾತ್ರ ಮುಚ್ಚುತ್ತದೆ, ಬಣ್ಣವಾದ ಮೇಲೆ ಅಲ್ಲೊಂದು ಕುಳಿ ಬೀಳುತ್ತದೆ. ಬದಲಿಗೆ ಡ್ರಿಲ್ ಬಿಟ್‌ನಿಂದ ರಂಧ್ರವನ್ನು ಅಗಲಿಸಿ ಗುಳ್ಳೆಯನ್ನು ಪೂರ್ತಿ ಬಯಲು ಮಾಡಿ, ಫೆವಿಕ್ವಿಕ್ ಹನಿಯನ್ನು ಸೂಜಿಯ ತುದಿಯಿಂದ ತುಂಬಿ, ಗಟ್ಟಿಯಾದ ಒಂದು ಗಂಟೆಯೊಳಗೆ ಉಜ್ಜಿಬಿಡಿ. ಮರುದಿನದವರೆಗೆ ಬಿಟ್ಟರೆ ಅದು ರೆಸಿನ್‌ಗಿಂತ ಗಡುಸಾಗಿ, ಸುತ್ತಲಿನ ರೆಸಿನ್ ಸವೆದು ಅಂಟು ಮಾತ್ರ ಗುಬುಟಾಗಿ ಉಳಿಯುತ್ತದೆ.

ಬಾಗಿಲು, ಬಾನೆಟ್ಟುಗಳ ಅಂಚಿನ ಗೆರೆಗಳನ್ನು ಚಾಕುವಿನ ಹಿಂಬದಿಯಿಂದ ಮೆಲ್ಲಗೆ ಇನ್ನಷ್ಟು ಆಳ ಮಾಡಿಕೊಳ್ಳಿ. ಬಣ್ಣದ ಒಟ್ಟು ದಪ್ಪ ಕಾಲು ಮಿಲಿಮೀಟರಿನ ಅರ್ಧವಾದರೂ ನಿಜವಾದ ಕಾರಿನಲ್ಲಿ ಅದು ಐದು ಮಿಲಿಮೀಟರಿಗೂ ಹೆಚ್ಚು. ಆಳವಿಲ್ಲದ ಗೆರೆ ಅದರಡಿ ಮುಳುಗಿಹೋಗುತ್ತದೆ.

ನಿಲುವು: ಇಲ್ಲಿ ಸಾವಧಾನ

ರೇಸ್ ಕಾರಿನ ಜೀವ ಅದು ನೆಲದ ಮೇಲೆ ನಿಲ್ಲುವ ರೀತಿಯಲ್ಲಿದೆ. ಬಣ್ಣ ಕನ್ನಡಿಯಂತೆ ಹೊಳೆಯುತ್ತಿದ್ದು ಕಾರು ಮೇಲೆದ್ದು ನಿಂತಿದ್ದರೆ ಅದು ಆಟಿಕೆಯಾಗುತ್ತದೆ. ಮಾದರಿಯಲ್ಲಿ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ 43 ಮಿಲಿಮೀಟರ್. ಸರಿಸುಮಾರು ಎರಡೂವರೆ ಬೆರಳಿನಷ್ಟು! ರೇಸ್ ಕಾರನ್ನು ಯಾವ ಮೆಕ್ಯಾನಿಕ್ಕೂ ಹಾಗೆ ಎತ್ತಿ ನಿಲ್ಲಿಸುವುದಿಲ್ಲ.

ಆದ್ದರಿಂದ ಬಣ್ಣಕ್ಕೆ ಮೊದಲು ಅಂಟಿಲ್ಲದೆ, ಟೇಪಿನಿಂದ ಹಿಡಿದು, ಇಡೀ ಕಾರನ್ನು ಒಮ್ಮೆ ಜೋಡಿಸಿ ನೋಡಿ. ತಳದ ಹಲಗೆಯನ್ನು ಬಾಡಿಯೊಳಗೆ ಕೂರಿಸಿ ತಿರುಪು ಹಾಕಿ, ಆ್ಯಕ್ಸಲ್ ತೂರಿಸಿ, ಟಯರ್ ಹಾಕಿದ ಚಕ್ರಗಳನ್ನು ಸಿಕ್ಕಿಸಿ. 917ರ ವೀಲ್‌ಬೇಸ್ 2300 ಮಿಲಿಮೀಟರ್. ಅದನ್ನು 43ರಿಂದ ಭಾಗಿಸಿದರೆ 53.5. ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ ಕ್ಯಾಲಿಪರ್ ಇಟ್ಟು ಅಳೆಯಿರಿ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಿದ್ದರೆ ಚಿಂತೆಯಿಲ್ಲ, ಆದರೆ ಚಕ್ರವು ಬಾಡಿಯ ಕಮಾನಿನ ನಡುಮಧ್ಯದಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ್ಯಕ್ಸಲ್ ತೂತನ್ನು ಅರದಿಂದ ಒಂದು ಕಡೆಗೆ ಉದ್ದ ಮಾಡಿ, ಇನ್ನೊಂದು ಕಡೆಯನ್ನು ಅರಾಲ್ಡೈಟ್‌ನಿಂದ ತುಂಬಿಸಿ.

ಇನ್ನು ಕಾರನ್ನು ಗಾಜಿನ ಮೇಲಿಟ್ಟು ನಾಲ್ಕೂ ಟಯರುಗಳ ಕೆಳಗೆ ತೆಳು ಕಾಗದದ ಚೂರು ತೂರಿಸಿ ಎಳೆಯಿರಿ. ನಾಲ್ಕೂ ಸಮನಾಗಿ ಹಿಡಿದುಕೊಳ್ಳಬೇಕು. ಒಂದು ಸಡಿಲವಾಗಿ ಬಂದರೆ ಆ ಚಕ್ರ ಗಾಳಿಯಲ್ಲಿದೆ. ಕಣ್ಣನ್ನು ಮೇಜಿನ ಮಟ್ಟಕ್ಕಿಳಿಸಿ, ಫೋಟೊ ಪಕ್ಕದಲ್ಲಿಟ್ಟುಕೊಂಡು, ಟಯರಿನ ಮೇಲಂಚಿಗೂ ಕಮಾನಿಗೂ ನಡುವಿನ ಸಂದನ್ನು ನೋಡಿ. ನಾನು ಈ ಹಂತಕ್ಕೆ ಎರಡು ಮೂರು ಸಂಜೆಗಳನ್ನು ಕೊಡುತ್ತೇನೆ. ಅದಕ್ಕಾಗಿ ಒಮ್ಮೆಯೂ ಬೇಸರಿಸಿಲ್ಲ.

ಮುಂಗಾಜನ್ನೂ ಈಗಲೇ ಕತ್ತರಿಸಿ ಕೂರಿಸಿ ನೋಡಬೇಕು. ಗಾಜು ಬಿಗಿಯಾದರೆ ಚೌಕಟ್ಟನ್ನು ಉಜ್ಜಬೇಕಾಗುತ್ತದೆ, ಬಣ್ಣವಾದ ಮೇಲೆ ಅದು ಸಾಧ್ಯವಿಲ್ಲ. ಕನ್ನಡಿ, ಕೊಳವೆಗಳ ಬುಡಕ್ಕೆ 0.4 ಮಿಲಿಮೀಟರ್ ತೂತು ಕೊರೆದು ಹಿತ್ತಾಳೆ ತಂತಿಯ ಚೂರು ಅಂಟಿಸಿ, ಬಾಡಿಯಲ್ಲೂ ಅದಕ್ಕೆ ಸರಿಯಾದ ತೂತು ಮಾಡಿಕೊಳ್ಳಿ. ಹಳೆಯ ಕಿಟ್ಟುಗಳ ಬಿಳಿ ಲೋಹದಲ್ಲಿ ಸೀಸ ಇರಬಹುದು. ಅರ ಹಾಕಿದ ಮೇಲೆ ಕೈ ತೊಳೆಯದೆ ತಿಂಡಿಯ ತಟ್ಟೆ ಮುಟ್ಟಬೇಡಿ.

ಪ್ರೈಮರ್ ಮತ್ತು ಬಣ್ಣ

ಸ್ಪ್ರೇ ಡಬ್ಬಿಗಳನ್ನು ವಿಮಾನದ ಅಂಚೆಯಲ್ಲಿ ತರಿಸಲು ಆಗುವುದಿಲ್ಲ. ಹೊತ್ತಿಕೊಳ್ಳುವ ವಸ್ತುಗಳಿಗೆ ಅಲ್ಲಿ ನಿಷೇಧವಿದೆ. ನಮ್ಮಲ್ಲಿ ಅದಕ್ಕೆ ಸುಲಭದ ದಾರಿಯೆಂದರೆ ಕಾರಿನ ಬಣ್ಣ ಮಾರುವ ಅಂಗಡಿ. ಬೇಕಾದ ಕೆಂಪನ್ನು ತೋರಿಸಿದರೆ ಕಲೆಸಿ ಕೊಡುತ್ತಾರೆ, ಥಿನ್ನರ್, ಪ್ರೈಮರ್ ಕೂಡ ಅಲ್ಲೇ ಸಿಗುತ್ತವೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ಇರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಗಟ್ಟಿಕಾರಕ ಸೇರಿಸಿ ಹೊಡೆಯುವ 2ಕೆ ಬಣ್ಣವನ್ನು ಮಾತ್ರ ಮನೆಯೊಳಗೆ ಬಳಸಬೇಡಿ. ಅದರ ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ತೀರ ಅಪಾಯಕಾರಿ, ಸಾಮಾನ್ಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಹೊಳಪಿನ ಬಣ್ಣಕ್ಕೆ ಕೈ ಹಾಕದಿರುವುದೇ ಲೇಸು. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಬೂದಿ ಬಳಿದಂತೆ ಮಂಕಾಗುತ್ತದೆ. ಆ ತಿಂಗಳುಗಳಲ್ಲಿ ನಾನು ಆಸನ, ಚಕ್ರ, ಎಂಜಿನ್‌ನಂತಹ ಸಣ್ಣ ಭಾಗಗಳನ್ನು ಕುಂಚದಿಂದ ಮುಗಿಸಿಕೊಳ್ಳುತ್ತೇನೆ.

ಮೊದಲು ಬೂದು ಪ್ರೈಮರಿನ ತೆಳು ಪದರ. ಅಲ್ಲಿಯವರೆಗೆ ಅಡಗಿದ್ದ ಗೀರು, ಗುಳ್ಳೆಗಳೆಲ್ಲ ಈಗ ಎದ್ದು ಕಾಣುತ್ತವೆ. ಅವನ್ನು ಸರಿಪಡಿಸಿ ಮತ್ತೆ ಪ್ರೈಮರ್ ಹೊಡೆಯಿರಿ. ಮೂರು ಸಲವಾದರೂ ಸರಿಯೇ. ಡಬ್ಬಿಯನ್ನು ಬಳಸುವುದಾದರೆ ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು, ಚೆನ್ನಾಗಿ ಅಲುಗಾಡಿಸಿ, 20ರಿಂದ 25 ಸೆಂಟಿಮೀಟರ್ ದೂರದಿಂದ ಬಾಡಿಯ ಆಚೆಗೆ ಆರಂಭಿಸಿ ಆಚೆಗೇ ಮುಗಿಸಿ.

ನಂತರ ಬಿಳಿ. 23ನೇ ಕಾರು ಕೆಂಪು ಮತ್ತು ಬಿಳಿ. ತಿಳಿ ಬಣ್ಣ ಕೆಳಗೆ, ಗಾಢ ಬಣ್ಣ ಮೇಲೆ ಎಂಬುದು ನಿಯಮ. ಇಡೀ ಬಾಡಿಗೆ ಬಿಳಿ ಹೊಡೆದು ಎರಡು ದಿನ ಒಣಗಿಸಿ, ಬಿಳಿಯಾಗಿ ಉಳಿಯಬೇಕಾದ ಜಾಗವನ್ನು ಟೇಪಿನಿಂದ ಮುಚ್ಚಿ, ಅಂಚನ್ನು ಉಗುರಿನಿಂದ ಒತ್ತಿ, ಇನ್ನೊಂದು ತೆಳು ಪದರ ಬಿಳಿಯನ್ನೇ ಹೊಡೆಯಿರಿ. ಟೇಪಿನಡಿ ಸಂದಿದ್ದರೆ ಅದನ್ನು ಬಿಳಿಯೇ ತುಂಬುತ್ತದೆ, ಕೆಂಪು ನುಸುಳುವುದಿಲ್ಲ. ಬಿಳಿಯ ಮೇಲೆ ಬಿದ್ದ ಕೆಂಪು ಬೂದಿನ ಮೇಲಿನ ಕೆಂಪಿಗಿಂತ ಹೆಚ್ಚು ಪ್ರಕಾಶಮಾನವಾಗಿರುತ್ತದೆ ಎಂಬುದು ಇನ್ನೊಂದು ಲಾಭ. ಕೆಲವು ಕಿಟ್ಟುಗಳು ಬಿಳಿ ಪಟ್ಟೆಗಳನ್ನು ಡೆಕಲ್ ಆಗಿ ಕೊಡುತ್ತವೆ. ಕೆಂಪಿನ ಮೇಲೆ ಅಂಟಿಸಿದರೆ ಅವು ನಸುಗುಲಾಬಿಯಾಗಿ ಕಾಣುತ್ತವೆ. ನಾನಂತೂ ಪಟ್ಟೆಗಳನ್ನು ಬಣ್ಣದಿಂದಲೇ ಮಾಡುತ್ತೇನೆ.

ಡೆಕಲ್

ಹಳೆಯ ಕಿಟ್ಟಿನ ಡೆಕಲ್ ಹಾಳೆ ಹಳದಿಗಟ್ಟಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ವಾರ ಅಂಟಿಸಿಡಿ. ಬಹುಮಟ್ಟಿಗೆ ಬೆಳ್ಳಗಾಗುತ್ತದೆ. ಬೇಡದ ಒಂದು ಚೂರನ್ನು ನೀರಿಗೆ ಹಾಕಿ ಪರೀಕ್ಷಿಸಿ. ಪುಡಿಯಾದರೆ ಇಡೀ ಹಾಳೆಯ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆದುಕೊಳ್ಳಿ.

ಬಾಗಿದ ಮೂತಿಯ ಮೇಲೆ 23 ಎಂಬ ಸಂಖ್ಯೆಯಿರುವ ದುಂಡನೆಯ ಬಿಳಿ ಡೆಕಲ್ ಅಂಟಿಸುವುದು ಕಷ್ಟದ ಕೆಲಸ. ಒಂದನ್ನು ಮಾತ್ರ ಕತ್ತರಿಸಿ ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ಸೆಕೆಂಡು ಅದ್ದಿ ತೆಗೆದು, ಒದ್ದೆ ಬಟ್ಟೆಯ ಮೇಲೆ ಒಂದು ನಿಮಿಷ ಬಿಡಿ. ಡೆಕಲ್ ಕಾಗದದ ಮೇಲೆ ತಾನಾಗಿ ಸರಿದಾಡತೊಡಗಿದಾಗ, ಬಾಡಿಯ ಮೇಲೆ ಒಂದು ಹನಿ ನೀರಿಟ್ಟು ಕುಂಚದಿಂದ ಜಾರಿಸಿ. ಸಂಖ್ಯೆ ನೆಟ್ಟಗಿದೆಯೇ ಎಂದು ಮುಂದಿನಿಂದಲೂ ಮೇಲಿನಿಂದಲೂ ನೋಡಿ. ನಡುವಿನಿಂದ ಹೊರಕ್ಕೆ ನೀರನ್ನು ಹತ್ತಿಯಿಂದ ಒತ್ತಿ ತೆಗೆಯಿರಿ. ಅಂಚು ನಿರಿಗೆಗಟ್ಟಿದರೆ ಗಾಬರಿ ಬೇಡ. ಡೆಕಲ್ಲನ್ನು ಮೆತ್ತಗೆ ಮಾಡುವ ಮಿಸ್ಟರ್ ಮಾರ್ಕ್ ಸಾಫ್ಟರ್ ಅಥವಾ ಮೈಕ್ರೊ ಸಾಲ್ ದ್ರವ ಸವರಿ ಕೈ ಬಿಡಿ. ಐದು ನಿಮಿಷ ಡೆಕಲ್ ಒದ್ದೆ ಹಪ್ಪಳದಂತೆ ಮುದುಡಿ ಭಯ ಹುಟ್ಟಿಸುತ್ತದೆ. ಆಗ ಮುಟ್ಟಿದರೆ ಹರಿಯುತ್ತದೆ, ಬಿಟ್ಟರೆ ಒಣಗುತ್ತಾ ತಾನೇ ಬಾಡಿಗೆ ಅಪ್ಪಿಕೊಳ್ಳುತ್ತದೆ.

ಎರಡು ದಿನದ ನಂತರ ಪಾರದರ್ಶಕ ಲ್ಯಾಕರ್. ಮೊದಲ ಎರಡು ಪದರಗಳು ಮಂಜಿನಂತೆ ಹಗುರವಾಗಿರಲಿ, ಒದ್ದೆಯಾಗಿ ಬಿದ್ದರೆ ಲ್ಯಾಕರ್ ಡೆಕಲ್ಲನ್ನು ಕರಗಿಸುತ್ತದೆ. ಆಮೇಲೆ ದಪ್ಪ ಪದರ. ವಾರ ಕಳೆದು 2000, 3000ದ ಕಾಗದದಿಂದ ಒದ್ದೆಯಾಗಿ ಉಜ್ಜಿ, ಕಾರಿನ ಪಾಲಿಶ್ ಹಾಕಿ. ಅಂಚುಗಳ ಮೇಲೆ ಮಾತ್ರ ಉಜ್ಜಬೇಡಿ.

ಒಳಾಂಗಣ

ಕಾರು ಬಲಗೈ ಚಾಲನೆಯದು, ಸ್ಟಿಯರಿಂಗ್ ಬಲಕ್ಕಿರಲಿ. ಸೀಟ್ ಬೆಲ್ಟ್ ಬಿಡಬೇಡಿ. ಲೆ ಮಾನ್‌ನಲ್ಲಿ ಅದುವರೆಗೆ ಚಾಲಕರು ರಸ್ತೆ ದಾಟಿ ಓಡಿ ಬಂದು ಕಾರು ಹತ್ತುತ್ತಿದ್ದರು. 1970ರಲ್ಲಿ ಮೊದಲ ಬಾರಿಗೆ ಬೆಲ್ಟ್ ಕಟ್ಟಿಕೊಂಡು ಕಾರಿನಲ್ಲೇ ಕುಳಿತು ಆರಂಭಿಸಿದರು. ಬೆಲ್ಟಿಗೆ ತೆಳು ಟೇಪಿನ ಒಂದು ಮಿಲಿಮೀಟರ್ ಪಟ್ಟಿ ಸಾಕು, ಬಕಲ್ ಲೋಹದ ಹಾಳೆಯಿಂದ. ಗೇರ್ ಕೋಲಿನ ಗುಂಡಿಯನ್ನು ತೂಕ ಉಳಿಸಲೆಂದು ಬಾಲ್ಸಾ ಮರದಲ್ಲಿ ಮಾಡಿದ್ದರು. ಸೂಜಿಯ ತುದಿಯಲ್ಲಿ ತಿಳಿ ಮರದ ಬಣ್ಣದ ಒಂದು ಚುಕ್ಕೆ ಇಟ್ಟರೆ, ಗಾಜಿನೊಳಗಿಂದ ಅದು ಕಪ್ಪಿನ ನಡುವೆ ಕಾಣುತ್ತದೆ. ಉಳಿದದ್ದಕ್ಕೆ ಹೊಳಪಿಲ್ಲದ ಕಪ್ಪು.

ಟಯರಿನ ನೆಲ ಮುಟ್ಟುವ ಭಾಗವನ್ನು 400ರ ಕಾಗದದ ಮೇಲೆ ಉರುಳಿಸಿ ಹೊಳಪು ತೆಗೆಯಿರಿ.

ಗಾಜು ಮತ್ತು ಕೊನೆಯ ಜೋಡಣೆ

ಗಾಜು ಅಂಟಿಸಲು ಫೆವಿಕ್ವಿಕ್ ಬಳಸಲೇಬಾರದು. ಅದರ ಆವಿ ಗಾಜಿನ ಒಳಮೈಗೆ ಬಿಳಿ ಮಬ್ಬು ಬಳಿಯುತ್ತದೆ, ಕಾರು ಮುಚ್ಚಿದ ಮೇಲೆ ಒರೆಸಲು ದಾರಿಯಿಲ್ಲ. ಫೆವಿಕಾಲ್‌ನಂತಹ ಬಿಳಿ ಅಂಟನ್ನು ಕಡ್ಡಿಯ ತುದಿಯಿಂದ ಚೌಕಟ್ಟಿನ ಒಳ ಅಂಚಿಗೆ ಸವರಿ, ಗಾಜಿಟ್ಟು, ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ಒರೆಸಿ. ಮುಂದೀಪಗಳ ಮೇಲಿನ ಪಾರದರ್ಶಕ ಮುಚ್ಚಳಗಳಿಗೂ ಇದೇ ಅಂಟು.

ಕನ್ನಡಿಗಳು, ಕೊಳವೆಗಳು, ವೈಪರ್ ಕೊನೆಗೆ. ವೈಪರನ್ನು ಹಾಳೆಯಿಂದ ಕತ್ತರಿಸುವಾಗ ಚಿಮಟದಿಂದ ಹಾರಿ ಹೋದರೆ ಸಿಗುವುದು ಕಷ್ಟ. ಹಾಳೆಯನ್ನು ಟೇಪಿನ ಮೇಲೆ ಅಂಟಿಸಿಕೊಂಡು ಕತ್ತರಿಸಿ. ಆ ವರ್ಷದ ರೇಸಿನಲ್ಲಿ ಮಳೆ ಎಷ್ಟು ಸುರಿಯಿತೆಂದರೆ ವೈಪರ್ ಓಡುತ್ತಲೇ ಇರಬೇಕಾಗಿತ್ತು. ಗಾಜಿನ ನಡುವೆ ಅರ್ಧ ದಾರಿಯಲ್ಲಿರುವಂತೆ ಅಂಟಿಸಿದರೂ ತಪ್ಪಿಲ್ಲ.

ಇನ್ನು ತಳದ ಹಲಗೆಯ ತಿರುಪುಗಳನ್ನು ಬಿಗಿದು, ಕಾರನ್ನು ಮತ್ತೊಮ್ಮೆ ಗಾಜಿನ ಮೇಲಿಟ್ಟು, ನಾಲ್ಕು ಟಯರುಗಳ ಕೆಳಗೂ ಅದೇ ಕಾಗದದ ಚೂರನ್ನು ಎಳೆದು ನೋಡಿ. ನಾಲ್ಕೂ ಹಿಡಿದುಕೊಂಡರೆ ಪೀಠಕ್ಕೆ ತೂತು ಕೊರೆದು ಕೆಳಗಿನಿಂದ ತಿರುಪು ಹಾಕಿ ಕೂರಿಸಿ, ನೇರ ಬಿಸಿಲು ಬೀಳದ ಕಡೆ ಇಡಿ.